ಒಂದೇ ಹೊಲ, ಎರಡು ಬಗೆಯ ಕೀಟ: ಸೂರ್ಯಕಾಂತಿಗೆ ನೀರು ಕೊಡಬೇಕೇ, ನಿಲ್ಲಿಸಬೇಕೇ?

ಹೊಲದಂಚು

ಎಲ್ಲರಿಗೂ ನಮಸ್ಕಾರ. ಸೂರ್ಯಕಾಂತಿ ಬಿತ್ತಿ ಇಂದಿಗೆ 38 ದಿನ. ತುದಿಯ ಎಲೆಗಳ ನಡುವೆ ಮೊಗ್ಗು ಪುಟ್ಟ ನಕ್ಷತ್ರದಂತೆ ಕಾಣಿಸಿಕೊಂಡಿದೆ. ಬೋದು ಸಾಲಿನಲ್ಲಿ ನೀರು ಹಾಯಿಸುತ್ತೇನೆ. ಪಂಪ್ ನಡೆಯುವಷ್ಟು ಹೊತ್ತಿನಲ್ಲಿ ನೀರು ಸಾಲಿನ ಕೊನೆಯವರೆಗೆ ಮುಟ್ಟುವುದಿಲ್ಲ. ಕಾಲುವೆಯ ಬಾಯಿಯ ಕಡೆ ನೀರು ನಿಲ್ಲುತ್ತದೆ, ಕೊನೆಯ ಕಡೆ ನೆಲ ಬಿರುಕು ಬಿಟ್ಟಿದೆ.

ಬಾಯಿಯ ಕಡೆ ಗಿಡಗಳು ಕಡು ಹಸಿರಾಗಿ ಎದೆಮಟ್ಟ ಬಂದಿವೆ. ಆದರೆ ಅಲ್ಲಲ್ಲಿ ಒಂದೊಂದು ಎಲೆ ಜರಡಿಯಂತಾಗಿದೆ. ಎಲೆ ಮಗುಚಿದರೆ ನೂರಾರು ಸಣ್ಣ ಮರಿಹುಳುಗಳು ಒಂದೇ ಕಡೆ ಮೇಯುತ್ತಿವೆ. ಕೊನೆಯ ಕಡೆ ಹುಳು ಕಡಿಮೆ. ಅಲ್ಲಿ ಎಲೆಯ ಅಂಚು ಹಳದಿಯಾಗಿ, ಮೇಲಕ್ಕೆ ಮುದುಡಿ, ಬೆಂಕಿ ತಾಗಿದಂತೆ ಕಂದಾಗಿದೆ. ಮಗುಚಿ ನೋಡಿದರೆ ತಿಳಿಹಸಿರಿನ ಸಣ್ಣ ಕೀಟಗಳು ನೇರ ಓಡದೆ ಏಡಿಯಂತೆ ಅಡ್ಡಡ್ಡ ನಡೆಯುತ್ತವೆ.

ಬೀಜ ಒಂದೇ, ಗೊಬ್ಬರ ಒಂದೇ, ಬಿತ್ತಿದ ದಿನವೂ ಒಂದೇ. ಬೇರೆಯಾಗಿರುವುದು ನೀರು ಮಾತ್ರ. ಹಾಗಿದ್ದರೆ ಕೀಟವನ್ನು ತರುವುದು ನೀರೇ, ನೀರಿಲ್ಲದಿರುವುದೇ? ಇನ್ನು ನಾಲ್ಕು ದಿನಕ್ಕೆ ಮುಂದಿನ ಸರದಿ ಬರುತ್ತದೆ. ಅಷ್ಟರೊಳಗೆ ತೀರ್ಮಾನ ಮಾಡಬೇಕು.

ಬದುವಿನ ಹುಲ್ಲು

ನೀರು ಹೆಚ್ಚಾದರೆ ಸೊಪ್ಪು, ಸೊಪ್ಪು ಹೆಚ್ಚಾದರೆ ಹುಳು. ನನ್ನ ಅನುಭವ ಇಷ್ಟೇ. ಸೂರ್ಯಕಾಂತಿಯ ಬೇರು ಆಳಕ್ಕೆ ಇಳಿಯುತ್ತದೆ, ಅದು ತಡೆದುಕೊಳ್ಳುವ ಬೆಳೆ. ಎರಡು ಸರದಿ ನೀರು ನಿಲ್ಲಿಸಿ. ಎಲೆ ಗಡುಸಾದರೆ ಹುಳು ತಾನಾಗಿ ಬಿಡುತ್ತದೆ.

ಕೀಟಗನ್ನಡಿ

ದಯವಿಟ್ಟು ಈಗ ನೀರು ನಿಲ್ಲಿಸಬೇಡಿ. ಬದುವಿನ ಹುಲ್ಲು ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿ ಬೆಳೆ ಕಳೆದುಕೊಂಡವರನ್ನು ಕಂಡಿದ್ದೇನೆ.

ಮೊದಲು ನಿಮ್ಮ ಎರಡು ಕೀಟಗಳ ಬಾಯಿಯನ್ನು ಗಮನಿಸಿ. ಗುಂಪಾಗಿ ಮೇದು ಎಲೆಯನ್ನು ಜರಡಿ ಮಾಡಿರುವುದು ಹೆಚ್ಚಾಗಿ ಸ್ಪೊಡಾಪ್ಟೆರಾ, ಅಂದರೆ ತಂಬಾಕಿನ ಎಲೆ ತಿನ್ನುವ ಹುಳು. ಕಂಬಳಿಹುಳುವಿನ ಮರಿಗಳೂ ಹೀಗೆಯೇ ಗುಂಪಾಗಿ ಮೇಯುತ್ತವೆ. ಮೈತುಂಬ ಕೂದಲಿದೆಯೇ ನೋಡಿದರೆ ತಿಳಿಯುತ್ತದೆ. ಎರಡೂ ಅಗಿದು ತಿನ್ನುವ ಜಾತಿ. ಇವಕ್ಕೆ ಮೆತ್ತಗಿನ, ನೀರು ತುಂಬಿದ, ಸಾರಜನಕ ಹೆಚ್ಚಿರುವ ಎಲೆ ಇಷ್ಟ. ಮೊಟ್ಟೆ ಇಡಲು ರಾತ್ರಿ ಬರುವ ಪತಂಗವೂ ಸೊಂಪಾದ ಗಿಡವನ್ನೇ ಆರಿಸುತ್ತದೆ. ಆದ್ದರಿಂದ ಕಾಲುವೆಯ ಬಾಯಿಯ ಕಡೆ ಹುಳು ಹೆಚ್ಚಾದದ್ದರಲ್ಲಿ ಅಚ್ಚರಿಯಿಲ್ಲ.

ಅಡ್ಡಡ್ಡ ನಡೆಯುವುದು ಜಿಗಿಹುಳುವಿನ ಮರಿ. ಅದು ಸೂಜಿಯಂಥ ಬಾಯಿಯಿಂದ ರಸ ಹೀರುತ್ತದೆ. ಗಿಡ ಬಾಯಾರಿದಾಗ ಎಲೆಯೊಳಗಿನ ಪ್ರೋಟೀನು ಒಡೆದು ರಸದಲ್ಲಿ ಅಮೈನೋ ಆಮ್ಲಗಳಾಗಿ ಸೇರುತ್ತದೆ. ಹೀರುವ ಕೀಟಕ್ಕೆ ಇದು ಕುದಿಸಿ ಗಟ್ಟಿ ಮಾಡಿದ ಗಂಜಿಯಿದ್ದಂತೆ. ಬಾಯಾರಿದ ಗಿಡವೇ ಕೀಟವನ್ನು ಸಾಕುತ್ತದೆ ಎಂಬ ಈ ವಾದವನ್ನು ಆಸ್ಟ್ರೇಲಿಯಾದ ವಿಜ್ಞಾನಿ ಟಿ. ಸಿ. ಆರ್. ವೈಟ್ 1969ರಲ್ಲಿಯೇ ಮುಂದಿಟ್ಟರು.

ಆದರೆ ಗಿಡ ಸತತವಾಗಿ ಒಣಗುತ್ತಲೇ ಇದ್ದರೆ ಎಲೆಯೊಳಗಿನ ಒತ್ತಡ ಕುಸಿಯುತ್ತದೆ. ಆಗ ರಸ ಎಷ್ಟೇ ಪುಷ್ಟಿಯಾಗಿದ್ದರೂ ಕೀಟಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಇದನ್ನು ಗಮನಿಸಿದ ಹ್ಯೂಬರ್ಟಿ ಮತ್ತು ಡೆನ್ನೊ ಎಂಬ ಸಂಶೋಧಕರು 2004ರಲ್ಲಿ ಇನ್ನೊಂದು ಮಾತು ಸೇರಿಸಿದರು: ಹೀರುವ ಕೀಟಕ್ಕೆ ಹಬ್ಬವಾಗುವುದು ಬಾಯಾರಿಕೆ ಬಂದು ಹೋಗಿ ಮಾಡುವಾಗ. ಒಣಗಿದಾಗ ರಸ ಪುಷ್ಟಿಯಾಗುತ್ತದೆ, ನೀರು ಬಿದ್ದಾಗ ಒತ್ತಡ ಮರಳುತ್ತದೆ, ಕೀಟಕ್ಕೆ ಎರಡೂ ಕೈಗೂಡುತ್ತವೆ. ನಿಮ್ಮ ಸಾಲಿನ ಕೊನೆ ನಿಖರವಾಗಿ ಹೀಗೆಯೇ ಇದೆ. ಒಮ್ಮೆ ಸ್ವಲ್ಪ ನೀರು ಮುಟ್ಟುತ್ತದೆ, ಮತ್ತೆ ಬಿರಿಯುವವರೆಗೆ ಇಲ್ಲ.

ಇನ್ನು ಹಂತದ ಮಾತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಯಾವ ಹಂತದಲ್ಲಿ ನೀರು ತಪ್ಪಿದರೆ ಎಷ್ಟು ಇಳುವರಿ ಹೋಗುತ್ತದೆ ಎಂಬ ಅಂಕಗಳಿವೆ. ಸೂರ್ಯಕಾಂತಿಗೆ ಎಳೆಯ ಹಂತದಲ್ಲಿ 0.25, ಬೆಳವಣಿಗೆಯ ಕೊನೆಯ ಭಾಗದಲ್ಲಿ 0.5, ಹೂವಿನಲ್ಲಿ 1.0, ಕಾಳು ತುಂಬುವಾಗ 0.8. ಹೂವಿನ ಹೊತ್ತಿನಲ್ಲಿ ಶೇಕಡಾ 10ರಷ್ಟು ನೀರು ಕೊರತೆಯಾದರೆ ಇಳುವರಿಯಲ್ಲಿಯೂ ಸುಮಾರು ಶೇಕಡಾ 10 ಹೋಗುತ್ತದೆ ಎಂದು ಅರ್ಥ. ನೀವು ಈಗ ನಿಂತಿರುವುದು ಆ ಹೊಸ್ತಿಲಿನಲ್ಲಿ. ಎರಡು ಸರದಿ ತಪ್ಪಿಸಿದರೆ ಹುಳು ತಿನ್ನುವುದಕ್ಕಿಂತ ಹೆಚ್ಚನ್ನು ನೀವೇ ಕಳೆದುಕೊಳ್ಳುತ್ತೀರಿ.

ಹೊಲದಂಚು

ಮಗುಚಿ ನೋಡಿದೆ. ಕೂದಲಿಲ್ಲ, ತಿಳಿಹಸಿರು ಮೈ. ಪಕ್ಕದ ಗಿಡದ ಎಲೆಯಡಿ ಕಂದು ಹತ್ತಿಯಂಥ ಒಂದು ತೇಪೆಯೂ ಸಿಕ್ಕಿತು. ಅದು ಮೊಟ್ಟೆಯ ಗುಂಪೇ ಇರಬೇಕು.

ಒಂದು ಸಂಶಯ. ಬಾಯಿಯ ಕಡೆಯೂ ಜಿಗಿಹುಳು ಇಲ್ಲದಿಲ್ಲ. ಎಣಿಸಿದರೆ ಎಲೆಗೆ ಕೊನೆಯ ಕಡೆಯಷ್ಟೇ ಸಿಗುತ್ತವೆ. ಆದರೂ ಅಲ್ಲಿ ಅಂಚು ಸುಟ್ಟಿಲ್ಲ. ಇದು ಹೇಗೆ?

ಕೀಟಗನ್ನಡಿ

ಎಣಿಸಿದ್ದು ಬಹಳ ಒಳ್ಳೆಯದಾಯಿತು. ಎಲೆ ಸುಟ್ಟದ್ದನ್ನು ಮಾತ್ರ ನೋಡುವವರು ಒಣ ಭಾಗದಲ್ಲಿ ಕೀಟ ಹೆಚ್ಚು ಎಂದುಕೊಂಡುಬಿಡುತ್ತಾರೆ. ಎಷ್ಟೋ ಸಲ ಕೀಟ ಸಮವಾಗಿಯೇ ಇರುತ್ತದೆ, ಗಿಡದ ತಾಳಿಕೆ ಬೇರೆಯಾಗಿರುತ್ತದೆ. ಜಿಗಿಹುಳುವಿನ ಜೊಲ್ಲು ಎಲೆಯ ನಾಳಗಳನ್ನು ಕೆಡಿಸುತ್ತದೆ. ನೀರು ಮುಟ್ಟಲು ಅತಿ ದೂರದ ಜಾಗ ಎಲೆಯ ಅಂಚು. ಬೇರಿನಿಂದ ಬರುವುದೇ ಕಡಿಮೆಯಿದ್ದು ದಾರಿಯೂ ಕಟ್ಟಿದರೆ ಮೊದಲು ಸಾಯುವುದು ಅಂಚೇ.

ಆಸ್ಟ್ರೇಲಿಯಾದ ಸೂರ್ಯಕಾಂತಿ ಬೆಳೆಗಾರರಿಗೆ ರದರ್‌ಗ್ಲೆನ್ ತಿಗಣೆಯ ಕಾಟವಿದೆ. ಸುತ್ತಲಿನ ಕಳೆ ಒಣಗಿದಾಗ ಹಿಂಡು ಹಿಂಡಾಗಿ ಹೊಲಕ್ಕೆ ನುಗ್ಗಿ ಮೊಗ್ಗು ಮತ್ತು ತೆನೆಯ ರಸ ಹೀರುತ್ತದೆ. ಅಲ್ಲಿಯೂ ಇದೇ ಕಥೆ. ತೇವವಿರುವ ಬೆಳೆ ತಡೆದುಕೊಳ್ಳುವಷ್ಟು ತಿಗಣೆಯನ್ನು ಬಾಯಾರಿದ ಬೆಳೆ ತಡೆಯಲಾರದು. ಆದ್ದರಿಂದ ಔಷಧಿ ಹೊಡೆಯಬೇಕೇ ಎಂದು ತೀರ್ಮಾನಿಸುವಾಗ ಕೀಟದ ಲೆಕ್ಕದ ಜೊತೆಗೆ ಮಣ್ಣಿನ ಹದವನ್ನೂ ನೋಡಬೇಕು.

ಕರಿಮಣ್ಣು

ನಾನು ಮಣ್ಣಿನ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಎಲ್ಲರೂ ಎಲೆ ನೋಡುತ್ತಾರೆ, ಗಿಡದ ಬುಡ ಅಗೆದು ನೋಡುವವರು ಕಡಿಮೆ.

ಸ್ಪೊಡಾಪ್ಟೆರಾ ಇರಲಿ, ಮುಂದೆ ತೆನೆಗೆ ಬರುವ ಹೆಲಿಕೋವರ್ಪ ಇರಲಿ, ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಇಳಿದು ಮಣ್ಣಿನೊಳಗೆ ಕೋಶವಾಗುತ್ತವೆ. ಹೆಚ್ಚಿನವು ಮೇಲಿನ 10 ಸೆಂಟಿಮೀಟರ್ ಒಳಗೇ ಸಿಗುತ್ತವೆ. ಮೊದಲ ಸಲ ಅಗೆದಾಗ ಕೈಗೆ ಸಿಕ್ಕದ್ದು ನೆನಪಿದೆ: ಹುಣಸೆ ಬೀಜದ ಬಣ್ಣದ ಹೊಳೆಯುವ ಕೋಶ, ಅಂಗೈಯಲ್ಲಿಟ್ಟರೆ ಬಾಲದ ತುದಿಯನ್ನು ಮಾತ್ರ ಎಡಕ್ಕೂ ಬಲಕ್ಕೂ ತಿರುಗಿಸುತ್ತಿತ್ತು. ಅದು ಮಲಗಿದ್ದ ಗೂಡಿನ ಗೋಡೆ ಸಾರಿಸಿದಷ್ಟು ನುಣುಪು. ಅಲ್ಲಿಂದ ಮೇಲ್ಮಣ್ಣಿನ ಹತ್ತಿರದವರೆಗೆ ಪೆನ್ಸಿಲ್ ದಪ್ಪದ ಒಂದು ಓಣಿ. ಹೆಲಿಕೋವರ್ಪ ಹುಳು ಕೋಶವಾಗುವ ಮೊದಲೇ ಈ ಓಣಿಯನ್ನು ಕೊರೆದಿಟ್ಟುಕೊಳ್ಳುತ್ತದೆ. ಪತಂಗ ಹೊರಬರುವುದು ಇದೇ ದಾರಿಯಿಂದ.

ಕೋಶವಾದ ಮೇಲೆ ನೀರು ಹರಿದರೆ ಈ ಓಣಿ ಕುಸಿದು ಮುಚ್ಚಿಕೊಳ್ಳುತ್ತದೆ. ಪತಂಗ ಒಳಗೇ ಸಿಕ್ಕಿ ಸಾಯುತ್ತದೆ. ಹುಳು ಇಳಿಯುವ ಮೊದಲೇ ನೆಲ ನೆನೆದಿದ್ದರೆ ಈ ಲಾಭವಿಲ್ಲ, ಮೆತ್ತಗಿನ ಮಣ್ಣಿನಲ್ಲಿ ಅದು ಸುಲಭವಾಗಿ ಗೂಡು ಕಟ್ಟಿಕೊಳ್ಳುತ್ತದೆ. ಅಂದರೆ ಅದೇ ನೀರು ನಾಲ್ಕು ದಿನ ಹಿಂದೆ ಬಿದ್ದರೆ ಕೀಟಕ್ಕೆ ಅನುಕೂಲ, ನಾಲ್ಕು ದಿನ ಮುಂದೆ ಬಿದ್ದರೆ ಕೀಟಕ್ಕೆ ಕಂಟಕ. ಆಸ್ಟ್ರೇಲಿಯಾದ ಹತ್ತಿ ಬೆಳೆಗಾರರು ಕೊಯ್ಲಿನ ನಂತರ 10 ಸೆಂಟಿಮೀಟರ್ ಆಳದವರೆಗೆ ನೆಲ ಕದಡಿ ಕೋಶ ನಾಶ ಮಾಡುವುದೂ ಈ ಓಣಿಯನ್ನು ಮುರಿಯುವುದಕ್ಕಾಗಿಯೇ.

ಇದನ್ನೇ ನೆಚ್ಚಿ ಕೂರಬೇಡಿ. ಹಾರಿ ಬರುವ ಪತಂಗಕ್ಕೆ ನಿಮ್ಮ ಹೊಲದ ಓಣಿ ಮುಚ್ಚಿದ್ದು ಲೆಕ್ಕಕ್ಕಿಲ್ಲ. ಸುತ್ತಲೂ ಒಣಗಿ ನಿಮ್ಮದೊಂದೇ ಹಸಿರು ತುಂಡಾಗಿದ್ದರಂತೂ ಎಲ್ಲ ದಿಕ್ಕಿನಿಂದಲೂ ಅಲ್ಲಿಗೇ ಇಳಿಯುತ್ತವೆ. ಅಂಥ ಹೊಲದವರು ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಯನ್ನು ಮೊಗ್ಗಿನ ಹಂತದಲ್ಲೇ ಕಟ್ಟಿ ದಿನವೂ ನೋಡಬೇಕು.

ಬದುವಿನ ಹುಲ್ಲು

ಹೂವಿನ ಹಂತದ ಅಂಕ ನೋಡಿದ ಮೇಲೆ ನೀರು ನಿಲ್ಲಿಸಿ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ನೀರು ನಿಲ್ಲುವ ಕಡೆ ಹುಳು ಹೆಚ್ಚು ಎಂಬುದನ್ನು ಬಿಡುವುದಿಲ್ಲ. ನೀರಿನ ಜೊತೆ ಯೂರಿಯಾವನ್ನೂ ಸುರಿದರೆ ಗಿಡ ಸೊಪ್ಪಿನ ರಾಶಿಯಾಗುತ್ತದೆ. ಹೊಲದಂಚು ಅವರೇ, ಈ ಸರದಿಗೆ ಬಾಯಿಯ ಕಡೆ ಮೇಲುಗೊಬ್ಬರ ಹಾಕಬೇಡಿ.

ಕೀಟಗನ್ನಡಿ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಜೇನುಪೆಟ್ಟಿಗೆ

ಈ ಚರ್ಚೆಯಲ್ಲಿ ಜೇನುನೊಣದ ಹೆಸರು ಇನ್ನೂ ಬಂದಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ತುಂತುರು ನೀರಾವರಿ ಇರುವವರು ದಯವಿಟ್ಟು ಓದಿ.

ತುಂತುರು ನೀರಿನಿಂದ ಒಳಿತಿದೆ. ಎಲೆಯ ಮೇಲಿನ ಧೂಳು ತೊಳೆದುಹೋಗುತ್ತದೆ. ಧೂಳು ಹಿಡಿದ ಎಲೆಯಲ್ಲಿ ಪರಭಕ್ಷಕ ಕೀಟಗಳು ಸರಿಯಾಗಿ ಬೇಟೆಯಾಡಲಾರವು, ನುಸಿಗೆ ಅದೇ ಅನುಕೂಲ. ಸಸ್ಯಹೇನು, ಥ್ರಿಪ್ಸ್‌ನಂಥ ಸಣ್ಣ ಕೀಟಗಳೂ ಹನಿಯ ಹೊಡೆತಕ್ಕೆ ಉದುರುತ್ತವೆ. ತೇವದ ಗಾಳಿಯಲ್ಲಿ ಹುಳುಗಳಿಗೆ ಶಿಲೀಂಧ್ರ ರೋಗ ತಗಲುತ್ತದೆ. ಎಲೆಗೆ ಕಚ್ಚಿಕೊಂಡೇ ಸೆಟೆದು ಸತ್ತ, ಸುಣ್ಣ ಬಳಿದಂತೆ ಬಿಳಿಯಾಗಿ ಆಮೇಲೆ ತಿಳಿಹಸಿರು ಪುಡಿ ಮುಚ್ಚಿದ ಹುಳು ಕಂಡರೆ ಅದು ನೊಮುರಿಯಾ ಶಿಲೀಂಧ್ರದ ಕೆಲಸ. ಆ ಹುಳುವನ್ನು ಕಿತ್ತೆಸೆಯಬೇಡಿ. ಅದರ ಪುಡಿ ಹಾರಿ ಇನ್ನಷ್ಟು ಹುಳುಗಳಿಗೆ ರೋಗ ತರಲಿ.

ಆದರೆ ಹೂ ಅರಳಿದ ಮೇಲೆ ತುಂತುರು ಬೇಡ. ಪರಾಗ ತೊಳೆದುಹೋಗುತ್ತದೆ, ನೆನೆದ ಹೂವಿಗೆ ಜೇನುನೊಣ ಬರುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಬೆಳಗಿನ ಹೊತ್ತನ್ನಾದರೂ ಬಿಟ್ಟುಬಿಡಿ, ಜೇನಿನ ಮುಖ್ಯ ಕೆಲಸ ಆಗಲೇ. ತೆನೆಯಲ್ಲಿ ಹುಳು ಕೊರೆದ ಗಾಯವಿದ್ದು ಅದರ ಮೇಲೆ ನೀರೂ ನಿಂತರೆ ತೆನೆ ಕೊಳೆಯುತ್ತದೆ. ಹುಳು ತಿಂದದ್ದು ಒಂದು ಹಿಡಿ, ಕೊಳೆತು ಹೋದದ್ದು ಇಡೀ ತೆನೆ ಎಂಬ ಸ್ಥಿತಿ ಬರುತ್ತದೆ.

ಬುಡಕ್ಕೆ ಕೊಡುವ ನೀರು ಮಾತ್ರ ಜೇನಿಗೂ ಬೇಕು. ಬಾಯಾರಿದ ಸೂರ್ಯಕಾಂತಿಯಲ್ಲಿ ಮಕರಂದ ಇಳಿಮುಖವಾಗುತ್ತದೆ. ಒಣ ಹೊಲದ ಮೇಲೆ ಜೇನು ಸುಳಿದಾಡಿ ಮುಂದೆ ಹೋಗುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಕಾಳು ಜೊಳ್ಳಾದಾಗ ಕೀಟವನ್ನು ಬೈಯುತ್ತೇವೆ, ಆದರೆ ಅದರಲ್ಲಿ ಒಂದು ಪಾಲು ಜೇನು ಬಾರದೆ ಆದದ್ದು.

ಹನಿನೀರು

ನಾನು ಹನಿ ನೀರಾವರಿಯಲ್ಲಿ ಬೆಳೆಯುತ್ತೇನೆ. ಇದರ ದೊಡ್ಡ ಲಾಭ ಸಮತೆ. ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ಒಂದೇ ನೀರು, ಒಣಗಿ ನೆನೆಯುವ ಉಯ್ಯಾಲೆ ಇಲ್ಲ. ಎಲೆ ಒಣಗಿರುವುದರಿಂದ ಎಲೆಚುಕ್ಕೆ ರೋಗವೂ ಕಡಿಮೆ. ಆದರೆ ಕರಿಮಣ್ಣು ಅವರು ಹೇಳಿದ ಓಣಿ ಕುಸಿಯುವ ಲಾಭ ನಮಗೆ ಅಷ್ಟಾಗಿ ಸಿಗದು, ಸಾಲುಗಳ ನಡುವಿನ ಮಣ್ಣು ಒಣಗಿಯೇ ಇರುತ್ತದೆ.

ಎರಡು ವಿಷಯ ಸೇರಿಸುತ್ತೇನೆ. ಬೀಜಕ್ಕೆ ಅಂತರ್ವ್ಯಾಪಿ ಕೀಟನಾಶಕ ಲೇಪಿಸಿ ಬಿತ್ತಿದವರು ಮೊದಲ ವಾರಗಳಲ್ಲಿ ತೇವ ತಪ್ಪಿಸಬಾರದು. ಬೇರು ಆ ಔಷಧಿಯನ್ನು ಮೇಲೆಳೆದುಕೊಳ್ಳುವುದು ನೀರಿನ ಜೊತೆಗೇ. ಮಣ್ಣು ಒಣಗಿದ್ದರೆ ಔಷಧಿ ಬೀಜದ ಸುತ್ತಲೇ ಉಳಿದುಬಿಡುತ್ತದೆ, ಎಲೆಯಲ್ಲಿ ಥ್ರಿಪ್ಸ್ ಆರಾಮವಾಗಿ ಹೀರುತ್ತಿರುತ್ತದೆ.

ಎರಡನೆಯದು ಕಾಲುವೆಯ ಬದು. ಸೋರುವ ನೀರಿಗೆ ಅಲ್ಲಿ ಪಾರ್ಥೇನಿಯಂ ಕಳೆ ಸೊಂಪಾಗಿ ಬೆಳೆದು ಹೂ ಬಿಡುತ್ತದೆ. ಭಾರತದಲ್ಲಿ 1997ರಲ್ಲಿ ಮೊದಲು ದಾಖಲಾದ ಸೂರ್ಯಕಾಂತಿಯ ನೆಕ್ರೋಸಿಸ್ (ಗಿಡದ ಭಾಗಗಳು ಒಣಗಿ ಸಾಯುವ) ನಂಜುರೋಗಕ್ಕೆ ಈ ಕಳೆಯೇ ಆಸರೆ. ಕಳೆಯಲ್ಲಿ ರೋಗದ ಲಕ್ಷಣ ಕಾಣುವುದಿಲ್ಲ, ಆದರೆ ಅದರ ಪರಾಗದಲ್ಲಿ ವೈರಸ್ ಇರುತ್ತದೆ. ಥ್ರಿಪ್ಸ್ ಆ ಪರಾಗವನ್ನು ಮೈಗೆ ಮೆತ್ತಿಕೊಂಡು ಬಂದು ಸೂರ್ಯಕಾಂತಿ ಎಲೆಯನ್ನು ಕೆರೆಯುವಾಗ ವೈರಸ್ ಗಾಯದೊಳಗೆ ಇಳಿಯುತ್ತದೆ. ಎಳೆಯ ಗಿಡಕ್ಕೆ ಇದು ತಗುಲಿದರೆ ಗಿಡ ಉಳಿಯುವುದೇ ಕಷ್ಟ. ಹೊಲಕ್ಕೆ ನೀರು ಬಿಡುವ ಮೊದಲು ಕಾಲುವೆಯ ಬದುವಿನ ಕಳೆಯನ್ನು ಹೂ ಬಿಡುವ ಮುಂಚೆಯೇ ಕೀಳಿ.

ಕರಿಮಣ್ಣು

ಕಾಂಡ ಕೊರೆಯುವ ಕೀಟಗಳ ಬಗ್ಗೆ ಯಾರಾದರೂ ಹೇಳುತ್ತೀರಾ? ಉತ್ತರ ಅಮೆರಿಕದ ಹೊಲಗಳಲ್ಲಿ ಗಿಡ ಬುಡದಲ್ಲಿ ಮುರಿದು ಬೀಳುವುದನ್ನು ಓದಿದ್ದೆ.

ಕೀಟಗನ್ನಡಿ

ಅದು ಡೆಕ್ಟಿಸ್ ಎಂಬ ಉದ್ದ ಮೀಸೆಯ ದುಂಬಿಯ ಮರಿಹುಳು. ಕಾಂಡದೊಳಗೆ ಬುಡದವರೆಗೆ ಇಳಿದು, ಗಿಡ ಒಣಗತೊಡಗಿದಾಗ ಒಳಗಿನಿಂದ ಸುತ್ತಲೂ ಕೊರೆದು ಬಳೆಯಂಥ ಗೆರೆ ಹಾಕುತ್ತದೆ. ಗಾಳಿ ಬಂದರೆ ಗಿಡ ಅಲ್ಲಿಯೇ ಮುರಿಯುತ್ತದೆ. ಕಾಂಡ ದಪ್ಪವಾಗಿದ್ದು ಹೆಚ್ಚು ದಿನ ತೇವ ಹಿಡಿದುಕೊಂಡರೆ ಈ ಕೊರೆತ ತಡವಾಗುತ್ತದೆ, ಅಷ್ಟರಲ್ಲಿ ಕೊಯ್ಲು ಮುಗಿಸಬಹುದು. ಒತ್ತೊತ್ತಾಗಿ ಬಿತ್ತಿ ಬಾಯಾರಿಸಿದ ಹೊಲದಲ್ಲಿ ಕಾಂಡ ತೆಳ್ಳಗಿರುತ್ತದೆ, ಬೇಗ ಒಣಗುತ್ತದೆ, ಬೇಗ ಬೀಳುತ್ತದೆ.

ಹೊಲದಂಚು ಅವರೇ, ನಿಮ್ಮ ಸರದಿ ನಾಳೆ ಅಲ್ಲವೇ? ಎಲೆ ಬಾಗಿದ್ದನ್ನು ನೋಡಿ ಗಾಬರಿಯಾಗಬೇಡಿ. ನಡುಮಧ್ಯಾಹ್ನ ಸೂರ್ಯಕಾಂತಿ ಎಲೆ ತೇವವಿದ್ದರೂ ಬಾಗುತ್ತದೆ. ಬೆಳಗ್ಗೆ ಸೂರ್ಯ ಏರುವ ಮೊದಲೇ ಬಾಗಿದ್ದರೆ ಅದು ನಿಜವಾದ ಬಾಯಾರಿಕೆ. ಗೇಣಾಳದ ಮಣ್ಣು ತೆಗೆದು ಮುಷ್ಟಿ ಕಟ್ಟಿ ನೋಡಿ. ಉಂಡೆಯಾಗದೆ ಉದುರಿದರೆ ತಡಮಾಡಬೇಡಿ. ಉದ್ದ ಸಾಲನ್ನು ಅಡ್ಡಬದು ಹಾಕಿ ಎರಡು ತುಂಡು ಮಾಡಿ, ಕೊನೆಯ ತುಂಡಿಗೆ ಮೊದಲು ನೀರು ಬಿಡಿ. ಜರಡಿಯಾದ ಎಲೆ ಮತ್ತು ಮೊಟ್ಟೆಯ ತೇಪೆಗಳನ್ನು ನೀರಿಗೆ ಮೊದಲೇ ಕಿತ್ತು ನಾಶ ಮಾಡಿ. ಮರಿಗಳು ಗುಂಪಾಗಿರುವವರೆಗೆ ಮಾತ್ರ ಈ ಕೆಲಸ ಕೈಯಲ್ಲಿ ಮುಗಿಯುತ್ತದೆ. ಚದುರಿ ಬಲಿತ ಮೇಲೆ ಅವು ಹಗಲು ಮಣ್ಣಿನ ಬಿರುಕಿನಲ್ಲಿ ಅಡಗಿ ರಾತ್ರಿ ಮೇಯುತ್ತವೆ.

ಹೊಲದಂಚು (24 ದಿನಗಳ ನಂತರ)

ಆ ದಿನದಿಂದ ಆದದ್ದನ್ನು ಬರೆಯದಿದ್ದರೆ ನಿಮ್ಮೆಲ್ಲರಿಗೆ ಅನ್ಯಾಯವಾಗುತ್ತದೆ.

ಪ್ರತಿ ಸಾಲಿಗೆ ನಡುವೆ ಅಡ್ಡಬದು ಹಾಕಿದೆ. ನೀರು ಸಾಲದ್ದರಿಂದ ಬಾಯಿಯ ಕಡೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಯಿಸಿ, ಉಳಿಸಿದ್ದನ್ನು ಕೊನೆಗೆ ಕೊಟ್ಟೆ. ಮೊದಲ ದಿನ ಎರಡು ಬಕೆಟ್ ತುಂಬ ಜರಡಿ ಎಲೆ ಕಿತ್ತೆವು. ಕೊನೆಯ ಕಡೆ ನೀರು ಬಿರುಕಿನೊಳಗೆ ಗುಳುಗುಳು ಎಂದು ಇಳಿಯುವಾಗ ಹುಳುಗಳು, ಜೀರುಂಡೆಗಳು ಎಲ್ಲ ಮೇಲೆ ಹತ್ತಿ ಬಂದವು. ಸ್ವಲ್ಪ ಹೊತ್ತಿಗೆ ಬೆಳ್ಳಕ್ಕಿ, ಮೈನಾಗಳು ಸಾಲಿನುದ್ದಕ್ಕೂ ಇಳಿದು ಆರಿಸಿ ತಿಂದವು. ನಾನು ಪಂಪ್ ನಿಲ್ಲಿಸುವುದನ್ನೂ ಮರೆತು ನೋಡುತ್ತಾ ನಿಂತಿದ್ದೆ.

ಸುಟ್ಟ ಅಂಚು ಮರಳಿ ಹಸಿರಾಗಲಿಲ್ಲ. ಆದರೆ ಅದರ ನಂತರ ಬಂದ ಎಲೆಗಳ ಅಂಚು ಸರಿಯಾಗಿದೆ. ಜಿಗಿಹುಳು ಪೂರ್ತಿ ಹೋಗಿಲ್ಲ, ಎಲೆಗೆ ಒಂದೋ ಎರಡೋ ಇವೆ.

ಈಗ ಹೊಸ ಚಿಂತೆ. ಬಾಯಿಯ ಕಡೆಯ ತೆನೆಗಳು ಅರಳಿ ಆರು ದಿನವಾಯಿತು, ಕೊನೆಯ ಕಡೆ ಇನ್ನೂ ದಳ ಬಿಚ್ಚುತ್ತಿವೆ. ಅರಳಿದ ತೆನೆಗಳ ಹಿಂಬದಿಯ ಹಸಿರು ಎಸಳುಗಳ ಸಂದಿಯಲ್ಲಿ ಒಂಟಿ ಒಂಟಿ ಕೆನೆ ಬಣ್ಣದ ಮೊಟ್ಟೆ ಸಿಗುತ್ತಿವೆ. ಕಾಳು ಕಟ್ಟುವ ಹೊತ್ತಿನಲ್ಲಿ ನೀರು ಮುಂದುವರಿಸಲೇ?

ಕೀಟಗನ್ನಡಿ

ಮುಂದುವರಿಸಿ, ಬುಡಕ್ಕೆ ಮಾತ್ರ. ಒಂಟಿ ಮೊಟ್ಟೆಗಳು ಹೆಲಿಕೋವರ್ಪದ್ದು. ಹೂ ಒಂದೇ ಸಲಕ್ಕೆ ಬಂದಿದ್ದರೆ ಅದಕ್ಕೆ ಮೊಟ್ಟೆ ಇಡುವ ಅವಕಾಶ ಬೇಗ ಮುಗಿಯುತ್ತಿತ್ತು. ಮೊದಲ ಐದು ವಾರ ನೀರು ಏರುಪೇರಾದದ್ದರ ಸಾಲವನ್ನು ಈಗ ತೀರಿಸುತ್ತಿದ್ದೀರಿ. ಬಾಯಿಯ ಕಡೆ ಮುಗಿದ ಮೇಲೆ ಪತಂಗ ಕೊನೆಯ ಕಡೆಗೆ ಹೊರಳುತ್ತದೆ. ಆದ್ದರಿಂದ ತಡವಾಗಿ ಅರಳುವ ಆ ಭಾಗವನ್ನೇ ದಿನ ಬಿಟ್ಟು ದಿನ ನೋಡಿ. ಮರಿ ಸಣ್ಣದಿರುವಾಗಲೇ, ಸಂಜೆ ಜೇನು ಗೂಡು ಸೇರಿದ ಮೇಲೆ, ಹುಳುವಿಗೆ ರೋಗ ತರುವ ಎನ್‌ಪಿವಿ ಎಂಬ ನಂಜಾಣು (ವೈರಸ್) ಸಿಂಪಡಿಸಿ. ಬಿಸಿಲಿನಲ್ಲಿ ಅದರ ಶಕ್ತಿ ಕುಂದುತ್ತದೆ, ಜೇನಿಗೆ ಅದರಿಂದ ತೊಂದರೆಯಿಲ್ಲ.

ಕರಿಮಣ್ಣು

ಮೊಟ್ಟೆಯಿಂದ ಲೆಕ್ಕ ಹಾಕಿದರೆ ಸುಮಾರು ಮೂರು ವಾರಕ್ಕೆ ಬಲಿತ ಹುಳು ನೆಲಕ್ಕೆ ಇಳಿಯತೊಡಗುತ್ತದೆ. ಕಾಳು ತುಂಬುವ ಕೊನೆಯ ನೀರನ್ನು ಅದು ಕೋಶವಾದ ಮೇಲೆ ಕೊಡುವಂತೆ ಹೊಂದಿಸಿಕೊಳ್ಳಲು ಆದೀತೇ ನೋಡಿ. ಗಿಡಕ್ಕೆ ಅದಕ್ಕಿಂತ ಮೊದಲೇ ಬೇಕಾದರೆ ಮೊದಲೇ ಕೊಡಿ, ಗಿಡದ ಬಾಯಾರಿಕೆ ಮುಖ್ಯ. ನಂತರ ನಾಲ್ಕೈದು ಗಿಡದ ಬುಡ ಅಗೆದು ಕೋಶ ಸಿಕ್ಕಿತೇ, ಓಣಿ ಮುಚ್ಚಿದೆಯೇ ಎಂದು ಇಲ್ಲಿ ಬರೆಯಿರಿ.

ಬದುವಿನ ಹುಲ್ಲು

ಕೊಯ್ಲಿನಲ್ಲಿ ಎರಡೂ ಭಾಗದ ಕಾಳನ್ನು ಬೆರೆಸಬೇಡಿ. ಬೇರೆ ಬೇರೆ ತೂಗಿ, ಜೊಳ್ಳನ್ನೂ ಬೇರೆಯಾಗಿ ತೂಗಿ. ನಾನು ಹೇಳಿದ್ದು ಎಷ್ಟು ಸರಿ, ಎಷ್ಟು ತಪ್ಪು ಎಂದು ನನಗೂ ತಿಳಿಯಬೇಕಿದೆ.

ಹೊಲದಂಚು

ಹಾಗೆಯೇ ಮಾಡುತ್ತೇನೆ. ಬಾಯಿಯ ಕಡೆ ಹತ್ತು ಗಿಡ, ನಡುವೆ ಹತ್ತು, ಕೊನೆಯಲ್ಲಿ ಹತ್ತು ಗಿಡಗಳಿಗೆ ಇಂದೇ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿ ಬಂದಿದ್ದೇನೆ. ನಡುವಿನ ಹತ್ತರಲ್ಲಿ ಜರಡಿ ಎಲೆಯೂ ಇಲ್ಲ, ಸುಟ್ಟ ಅಂಚೂ ಇಲ್ಲ. ಇಷ್ಟು ದಿನ ಎರಡು ತುದಿಗಳನ್ನೇ ನೋಡುತ್ತಿದ್ದೆ, ಆ ಗಿಡಗಳ ಬಳಿ ಒಮ್ಮೆಯೂ ನಿಂತಿರಲಿಲ್ಲ.